ಕತ್ತಿನ ಬೆನ್ನುಹುರಿ: ಮುಂದಿನ ದಾರಿ, ಹಿಂದಿನ ದಾರಿ

ಕತ್ತಿನಲ್ಲಿ ಬೆನ್ನುಹುರಿ ಒತ್ತಿಹೋಗಿದೆ, ಆಪರೇಷನ್ ಆಗಬೇಕು ಎಂದು ವೈದ್ಯರು ಹೇಳಿದ ಮೇಲೆ ಮನೆಯವರು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಮೂರು: ಎಷ್ಟು ಖರ್ಚಾಗುತ್ತದೆ, ಎಷ್ಟು ದಿನ ಆಸ್ಪತ್ರೆಯಲ್ಲಿರಬೇಕು, ಜೀವಕ್ಕೇನೂ ಅಪಾಯವಿಲ್ಲ ತಾನೆ. ಕತ್ತನ್ನು ಮುಂದಿನಿಂದ ತೆರೆಯುತ್ತೀರೋ ಹಿಂದಿನಿಂದಲೋ ಎಂದು ಕೇಳುವವರು ಅಪರೂಪ. ಅದು ಡಾಕ್ಟರಿಗೆ ಬಿಟ್ಟದ್ದು ಎಂದು ಮನೆಯವರು ತಿಳಿದಿರುತ್ತಾರೆ. ಡಾಕ್ಟರುಗಳಲ್ಲೂ ಅನೇಕರು ಹಾಗೆಯೇ ತಿಳಿದಿದ್ದಾರೆ. ಈ ಉಪನ್ಯಾಸದಲ್ಲಿ ನಾನು ವಾದಿಸಹೊರಟಿರುವುದು ಬೇರೆ. ದಾರಿಯ ಆಯ್ಕೆಯಲ್ಲಿ ಮೊದಲು ನೋಡಬೇಕಾದ್ದು ಒತ್ತಡ ಎಲ್ಲಿದೆ, ಕತ್ತು ಯಾವ ಕಡೆಗೆ ಬಾಗಿದೆ ಎಂಬುದನ್ನು. ಅದರಿಂದ ಉತ್ತರ ಸಿಗದೆ ಎರಡು ದಾರಿಗಳೂ ತೆರೆದೇ ಉಳಿದರೆ, ಆಗ ತೀರ್ಮಾನಿಸಬೇಕಾದ್ದು ರೋಗಿಯ ದುಡಿಮೆ ಮತ್ತು ಬದುಕು. ಶಸ್ತ್ರವೈದ್ಯರ ಕೈರೂಢಿಗೆ ಸಲ್ಲುವುದು ಮೂರನೆಯ ಸ್ಥಾನ. ಈ ಮಾತನ್ನು ದೊಡ್ಡಬಳ್ಳಾಪುರದಲ್ಲಿ ಆಡುವುದಕ್ಕೆ ಕಾರಣವಿದೆ. ಇದು ಮಗ್ಗದ ಊರು. ಇಲ್ಲಿನ ಸಾವಿರಾರು ಮನೆಗಳ ಅನ್ನ ಬೆರಳ ತುದಿಯಲ್ಲಿದೆ. ಕತ್ತಿನ ಹುರಿ ನಲುಗಿದಾಗ ಅನೇಕರಲ್ಲಿ ಮೊದಲು ಕೆಡುವುದೂ ಆ ಬೆರಳೇ.

ಕತ್ತಿನಲ್ಲಿ ಬೆನ್ನುಹುರಿ ಹಾದುಹೋಗುವ ನಾಳದ ಮುಂದು-ಹಿಂದಿನ ಅಳತೆ ವಯಸ್ಕರಲ್ಲಿ ಸುಮಾರು 17 ಮಿಲಿಮೀಟರ್. 13ಕ್ಕಿಂತ ಕಡಿಮೆಯಾದರೆ ನಾಳ ಇಕ್ಕಟ್ಟಾಗಿದೆ ಎನ್ನುತ್ತಾರೆ; 10ಕ್ಕೆ ಇಳಿದರೆ ಹುರಿ ನಲುಗದೆ ಉಳಿಯುವುದು ಕಷ್ಟ. ವಯಸ್ಸಾದಂತೆ ಮೂಳೆಗಳ ನಡುವಿನ ಡಿಸ್ಕ್ ಒಣಗಿ ಹಿಂದಕ್ಕೆ ಉಬ್ಬುತ್ತದೆ, ಮೂಳೆಯ ಅಂಚುಗಳಲ್ಲಿ ಮುಳ್ಳು ಬೆಳೆಯುತ್ತದೆ, ನಾಳದ ಹಿಂಗೋಡೆಯ ಹಳದಿ ಕಟ್ಟು ದಪ್ಪಗಾಗಿ ಒಳಕ್ಕೆ ಮಡಚಿಕೊಳ್ಳುತ್ತದೆ. ಇಷ್ಟೆಲ್ಲ ಆದರೂ ನೋವು ಇರಲೇಬೇಕೆಂದಿಲ್ಲ. ನರದ ಬೇರು ಒತ್ತಿದರೆ ತೋಳಿನುದ್ದಕ್ಕೂ ಸೆಳೆತ ಬರುತ್ತದೆ, ಮನುಷ್ಯ ಆಸ್ಪತ್ರೆಗೆ ಓಡುತ್ತಾನೆ. ಹುರಿಯೇ ಒತ್ತಿದರೆ ಸದ್ದಿಲ್ಲದೆ ಕೈಕಾಲು ಕೆಡುತ್ತ ಹೋಗುತ್ತವೆ. ನಮ್ಮಲ್ಲಿ ಎರಡಕ್ಕೂ ಸ್ಪಾಂಡಿಲೈಟಿಸ್ ಎಂಬ ಒಂದೇ ಹೆಸರು, ಮೆಡಿಕಲ್ ಶಾಪಿನ ಒಂದೇ ಕಾಲರ್. ಅಂಗಿಯ ಗುಂಡಿ ಹಾಕಲು ತಡವರಿಸುವುದು, ಚಿಲ್ಲರೆ ಎಣಿಸುವಾಗ ನಾಣ್ಯ ಜಾರುವುದು, ನಡೆಯುವಾಗ ಚಪ್ಪಲಿ ಕಾಲಿನಿಂದ ಕಳಚಿದ್ದೇ ತಿಳಿಯದಿರುವುದು, ಇವು ನೋವಿಗಿಂತ ದೊಡ್ಡ ಸೂಚನೆಗಳು. ಇದನ್ನು ಅಳೆಯಲು ಯಂತ್ರ ಬೇಡ. ಕೈ ಚಾಚಿ, ಮುಷ್ಟಿ ಕಟ್ಟಿ ಪೂರ್ತಿ ಬಿಚ್ಚುವುದನ್ನು ಆದಷ್ಟು ಬೇಗ ಬೇಗ ಮಾಡಿ ಎಂದು ಹೇಳಿ ಗಡಿಯಾರ ನೋಡಿದರೆ ಸಾಕು. ಆರೋಗ್ಯವಂತರು 10 ಸೆಕೆಂಡಿನಲ್ಲಿ 20 ಸಲ ಮುಗಿಸುತ್ತಾರೆ. ಹುರಿ ನಲುಗಿದವರ ಬೆರಳು ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ಬಿಚ್ಚಲು ಹೆಣಗುವಾಗ ಮಣಿಕಟ್ಟು ತಾನಾಗಿ ಒಳಕ್ಕೆ ಬಾಗುತ್ತದೆ. ಬೆರಳುಗಳನ್ನು ಜೋಡಿಸಿ ನೀಡಿ ಹಿಡಿಯಿರಿ ಎಂದರೆ ಅರ್ಧ ನಿಮಿಷದೊಳಗೆ ಕಿರುಬೆರಳು ಪಕ್ಕಕ್ಕೆ ಸರಿಯುತ್ತದೆ. ಜಪಾನಿನ ಓನೋ ಮತ್ತು ಸಂಗಡಿಗರು 1987ರಲ್ಲಿ ವರ್ಣಿಸಿದ ಈ ಪರೀಕ್ಷೆಗೆ ಬೇಕಾದ್ದು ಒಂದು ವಾಚು ಮಾತ್ರ.

ಈಗ ದಾರಿಗಳ ವಿಚಾರ. ಮುಂದಿನ ದಾರಿ 1950ರ ದಶಕದ್ದು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ರಾಬಿನ್ಸನ್ ಮತ್ತು ಸ್ಮಿತ್, ಹವಾಯಿಯ ಹೊನೊಲುಲುವಿನಲ್ಲಿ ಕ್ಲೋವರ್ಡ್, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಇದನ್ನು ರೂಢಿಗೆ ತಂದರು. ಕತ್ತಿನ ಮುಂಭಾಗದ ಮಡಿಕೆಯಲ್ಲಿ ಅಡ್ಡಲಾಗಿ ಸಣ್ಣ ಗೀರು ಹಾಕಿ, ಮೆದುಳಿಗೆ ರಕ್ತ ಒಯ್ಯುವ ದೊಡ್ಡ ಧಮನಿಯನ್ನು ಹೊರಮಗ್ಗುಲಿಗೂ ಶ್ವಾಸನಾಳ ಅನ್ನನಾಳಗಳನ್ನು ಒಳಮಗ್ಗುಲಿಗೂ ಸರಿಸಿದರೆ, ದೊಡ್ಡ ಸ್ನಾಯು ಕತ್ತರಿಸುವ ಗೋಜಿಲ್ಲದೆ ಬೆನ್ನುಮೂಳೆಯ ಮುಂಮುಖ ಕಾಣುತ್ತದೆ. ಡಿಸ್ಕನ್ನು ಪೂರ್ತಿ ಕೆರೆದು ತೆಗೆದು, ಮುಳ್ಳನ್ನು ಉಜ್ಜಿ, ಖಾಲಿಯಾದ ಜಾಗಕ್ಕೆ ಸೊಂಟದ ಮೂಳೆಯ ತುಂಡನ್ನೋ ಪಂಜರದಂಥ ಕೇಜನ್ನೋ ಕೂರಿಸಿ, ಮೇಲೆ ಪ್ಲೇಟು ಸ್ಕ್ರೂ ಬಿಗಿಯುತ್ತಾರೆ. ಒತ್ತಡ ಮೂಳೆಯ ಹಿಂದೆಯೇ ಹರಡಿದ್ದರೆ ಮೂಳೆಯ ನಡುಭಾಗವನ್ನೇ ಕೊರೆದು ತೆಗೆಯಬೇಕಾಗುತ್ತದೆ. ಒತ್ತುತ್ತಿರುವುದನ್ನೇ ನೇರವಾಗಿ ತೆಗೆಯುವುದು ಈ ದಾರಿಯ ಗುಣ. ಗಂಟೆಗಟ್ಟಲೆ ಪಕ್ಕಕ್ಕೆ ಎಳೆದು ಹಿಡಿದ ಅನ್ನನಾಳ ಊದಿಕೊಂಡು ನುಂಗಲು ತೊಡಕಾಗುವುದು, ಧ್ವನಿಪೆಟ್ಟಿಗೆಯ ನರ ಸೋತು ದನಿ ಒಡೆಯುವುದು, ಇದು ಅದರ ಬೆಲೆ. ಒಂದೆರಡು ಡಿಸ್ಕಿನ ಮಟ್ಟದಲ್ಲಿ ಈ ಬೆಲೆ ಸಣ್ಣದು. ಮೂರು ನಾಲ್ಕಾದಾಗ ಏರುತ್ತದೆ, ಮೂಳೆ ಕೂಡಿಕೊಳ್ಳದೆ ಉಳಿಯುವ ಸಾಧ್ಯತೆಯೂ ಜೊತೆಗೆ ಏರುತ್ತದೆ.

ಹಿಂದಿನ ದಾರಿ ಇದಕ್ಕಿಂತ ಹಳೆಯದು. ಕತ್ತಿನ ಹಿಂಬದಿಯ ಸ್ನಾಯುಗಳನ್ನು ಮೂಳೆಯಿಂದ ಬಿಡಿಸಿ, ನಾಳದ ಹಿಂಗೋಡೆಯಾದ ಲ್ಯಾಮಿನಾವನ್ನು ತೆಗೆದುಬಿಡುವುದು ಅದರ ಮೊದಲ ರೂಪ. ಹುರಿಗೆ ಹಿಂದೆ ಜಾಗ ಸಿಗುತ್ತದೆ. ಅದು ಹಿಂದಕ್ಕೆ ಸರಿದು ಮುಂದಿನ ಒತ್ತಡದಿಂದ ತಪ್ಪಿಸಿಕೊಳ್ಳುತ್ತದೆ. ಆದರೆ ಹಿಂಗೋಡೆ ಕಳೆದುಕೊಂಡ ಕತ್ತು ಕೆಲವರಲ್ಲಿ ವರ್ಷಗಳುರುಳಿದಂತೆ ಮುಂದಕ್ಕೆ ಕುಸಿದು ಗೂನಾಗತೊಡಗಿತು. ಇದಕ್ಕೆ ಎರಡು ಪರಿಹಾರಗಳು ಬಂದವು. ಒಂದು, ಲ್ಯಾಮಿನಾ ತೆಗೆದ ಮೇಲೆ ಇಕ್ಕೆಲಗಳಲ್ಲಿ ಸ್ಕ್ರೂ ಸರಳು ಹಾಕಿ ಕತ್ತನ್ನು ಬಿಗಿಯುವುದು. ಇನ್ನೊಂದು ಜಪಾನಿನದು. ಲ್ಯಾಮಿನಾವನ್ನು ತೆಗೆದುಹಾಕದೆ, ಒಂದು ಬದಿಯಲ್ಲಿ ಪೂರ್ತಿ ಕೊರೆದು ಇನ್ನೊಂದು ಬದಿಯಲ್ಲಿ ಅರ್ಧ ಕೊರೆದು ಕೀಲು ಬಿಟ್ಟು, ಬಾಗಿಲಿನಂತೆ ತೆರೆದು ನಿಲ್ಲಿಸುವುದು. ಹಿರಾಬಯಾಷಿ 1977ರಲ್ಲಿ ರೂಪಿಸಿದ ಈ ಲ್ಯಾಮಿನೋಪ್ಲಾಸ್ಟಿಗೆ ವೈದ್ಯರ ಮಾತಿನಲ್ಲೂ ತೆರೆದ ಬಾಗಿಲೆಂದೇ ಹೆಸರು. ಮೂಳೆಗಳನ್ನು ಒಂದಕ್ಕೊಂದು ಬೆಸೆಯದ ಕಾರಣ ಕತ್ತಿನ ಚಲನೆ ತಕ್ಕಮಟ್ಟಿಗೆ ಉಳಿಯುತ್ತದೆ. ಹಿಂದಿನ ದಾರಿಗೂ ಬೆಲೆಯಿದೆ: ಬಿಡಿಸಿದ ಸ್ನಾಯುಗಳಿಂದ ಬಹುಕಾಲದ ಕತ್ತುನೋವು, ಗಾಯಕ್ಕೆ ಸೋಂಕಿನ ಭಯ (ಸಕ್ಕರೆ ಕಾಯಿಲೆ ಇದ್ದವರಲ್ಲಿ ಹೆಚ್ಚು), ಮತ್ತು ಎದ್ದ ಮೇಲೆ ತೋಳು ಭುಜದೆತ್ತರಕ್ಕೆ ಏಳದೆ ಹೋಗುವ ವಿಚಿತ್ರ ತೊಡಕು. ಕತ್ತಿನ ಐದನೆಯ ನರ ಸೋಲುವುದರಿಂದ ಬರುವ ಈ ತೊಡಕು ನೂರಕ್ಕೆ ಸುಮಾರು ಐವರಲ್ಲಿ ಕಾಣುತ್ತದೆ. ಮುಂದಿನ ದಾರಿಯಲ್ಲೂ ಉಂಟು, ಹಿಂದಿನದರಲ್ಲಿ ಹೆಚ್ಚು. ಬಹುಪಾಲು ಮಂದಿ ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತಾರೆ.

ಒತ್ತಡದ ಜಾಗವೇ ಮೊದಲು ಎಂಬುದಕ್ಕೆ ಭಾರತದ ಆಸ್ಪತ್ರೆಗಳಿಗಿಂತ ಒಳ್ಳೆಯ ಸಾಕ್ಷ್ಯ ಬೇರೆಡೆ ಸಿಗದು. ಬೆನ್ನುಮೂಳೆಯ ಕ್ಷಯವನ್ನು ನೋಡಿ. ಅದು ಸಾಮಾನ್ಯವಾಗಿ ತಿನ್ನುವುದು ಮೂಳೆಯ ಮುಂಭಾಗವನ್ನು; ಕೀವು ಹುರಿಯನ್ನು ಮುಂದಿನಿಂದ ಒತ್ತುತ್ತದೆ. ಹಿಂದೆ ಇದಕ್ಕೂ ಲ್ಯಾಮಿನಾ ತೆಗೆಯುವ ಶಸ್ತ್ರಚಿಕಿತ್ಸೆಯನ್ನೇ ಮಾಡುತ್ತಿದ್ದ ಕಾಲವಿತ್ತು. ಮುಂಭಾಗ ಹುಳುಕಾದ ಮೂಳೆಯಲ್ಲಿ ಗಟ್ಟಿಯಾಗಿ ಉಳಿದಿದ್ದ ಹಿಂಭಾಗವನ್ನೂ ತೆಗೆದುಹಾಕಿದ ಫಲವಾಗಿ ಬೆನ್ನು ಕುಸಿದು ರೋಗಿ ಇನ್ನಷ್ಟು ಹದಗೆಡುತ್ತಿದ್ದ. 1956ರಲ್ಲಿ ಹಾಂಗ್‌ಕಾಂಗಿನ ಹಾಡ್ಗ್‌ಸನ್ ಮತ್ತು ಸ್ಟಾಕ್ ಮುಂದಿನಿಂದಲೇ ಹೋಗಿ ಕೀವು ಹುಳುಕು ತೆಗೆದು ಮೂಳೆ ಕೂರಿಸಿ ತೋರಿಸಿದ ಮೇಲೆ ಆ ಪಾಠ ಜಗತ್ತಿಗೆ ನಾಟಿತು. ಇದಕ್ಕೆ ತದ್ವಿರುದ್ಧವಾದದ್ದು ನಮ್ಮ ಸುತ್ತಲಿನ ನೀರಿನ ಕಾಯಿಲೆ. ಪಾವಗಡ, ಬಾಗೇಪಲ್ಲಿ, ಕೋಲಾರದ ಕಡೆಯ ಕೊಳವೆಬಾವಿಗಳ ಫ್ಲೋರೈಡ್ ಯಾರಿಗೂ ಹೊಸ ಸುದ್ದಿಯಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ದಶಕಗಟ್ಟಲೆ ಕುಡಿದವರಲ್ಲಿ ಮೂಳೆ ದಪ್ಪಗಾಗುತ್ತದೆ, ಮೂಳೆಗಳನ್ನು ಬಿಗಿದ ಕಟ್ಟುಗಳೇ ಮೂಳೆಯಾಗುತ್ತವೆ. ನಮ್ಮ ಪಕ್ಕದ ನೆಲ್ಲೂರು ಸೀಮೆಯಿಂದ ಶಾರ್ಟ್ ಮತ್ತು ಸಂಗಡಿಗರು 1937ರಲ್ಲೇ ಇದನ್ನು ವರದಿ ಮಾಡಿದ್ದರು. ಹಲ್ಲಿನ ಕಂದುಕಲೆಯನ್ನು ಎಲ್ಲರೂ ನೋಡುತ್ತಾರೆ. ಕತ್ತಿನ ಹಿಂಗೋಡೆಯ ಹಳದಿ ಕಟ್ಟು ಕಲ್ಲಾಗಿ ಹುರಿಯನ್ನು ಹಿಂದಿನಿಂದ ಅದುಮುವುದು ಎಂಆರ್‌ಐ, ಸಿಟಿ ತೆಗೆಸಿದಾಗ ಮಾತ್ರ ಕಾಣುತ್ತದೆ. ಅಂಥ ಕತ್ತಿಗೆ ಮುಂದಿನಿಂದ ಹೋಗುವುದರಲ್ಲಿ ಅರ್ಥವಿಲ್ಲ.

ಮೂರನೆಯ ಉದಾಹರಣೆಯಲ್ಲಿ ಜಾಗವಷ್ಟೇ ಸಾಲದೆ ಬಾಗುವಿಕೆಯೂ ಬೇಕಾಗುತ್ತದೆ. ಮೂಳೆಗಳ ಹಿಂಬೆನ್ನಿಗೆ, ಅಂದರೆ ಹುರಿಯ ಮುಂದೆ, ಉದ್ದಕ್ಕೂ ಅಂಟಿಕೊಂಡ ಕಟ್ಟು ಕೆಲವರಲ್ಲಿ ಮೂಳೆಯಾಗಿಬಿಡುತ್ತದೆ. ಜಪಾನಿನಲ್ಲಿ ಇದು ಹೆಚ್ಚು, ನಮ್ಮಲ್ಲೂ ಅಪರೂಪವಲ್ಲ. ಒತ್ತಡ ಮುಂದಿದೆ, ಆದ್ದರಿಂದ ಮುಂದಿನಿಂದಲೇ ಹೋಗಬೇಕು ಎಂಬುದು ಸರಳ ತರ್ಕ. ಆದರೆ ಆ ಮೂಳೆ ಹುರಿಯ ಹೊರಪೊರೆಗೆ ಅಂಟಿ, ಪೊರೆಯೇ ಮೂಳೆಯಾಗಿರುವುದುಂಟು. ಕೆರೆಯಹೋದರೆ ಪೊರೆ ಹರಿದು ದ್ರವ ಸೋರುತ್ತದೆ, ಹುರಿಗೇ ಪೆಟ್ಟಾಗಬಹುದು. ಹಾಗಾಗಿ ಹಲವರು ಹಿಂದಿನಿಂದ ಬಾಗಿಲು ತೆರೆದು ಹುರಿಯನ್ನೇ ಹಿಂದಕ್ಕೆ ಸರಿಯಗೊಡುತ್ತಾರೆ. ಹುರಿ ಸರಿಯುತ್ತದೆಯೇ ಎಂಬುದೇ ಪ್ರಶ್ನೆ. ಕತ್ತು ಸಹಜವಾಗಿ ಹಿಂದಕ್ಕೆ ಬಾಗಿದ್ದರೆ ಸರಿಯುತ್ತದೆ. ಮುಂದಕ್ಕೆ ಗೂನಾಗಿದ್ದರೆ ಹಿಂದೆ ಎಷ್ಟೇ ಜಾಗ ಮಾಡಿದರೂ ಹುರಿ ಮುಂದಿನ ಮೂಳೆಗೇ ಬಿಗಿದು ನಿಲ್ಲುತ್ತದೆ. 2008ರಲ್ಲಿ ಫುಜಿಯೋಷಿ ಮತ್ತು ಸಂಗಡಿಗರು ಇದಕ್ಕೊಂದು ಸರಳ ಅಳತೆ ಕೊಟ್ಟರು. ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಎರಡನೆಯ ಮತ್ತು ಏಳನೆಯ ಮೂಳೆಗಳ ಮಟ್ಟದಲ್ಲಿ ನಾಳದ ನಡುಬಿಂದು ಗುರುತಿಸಿ ಎರಡನ್ನೂ ಒಂದು ಗೆರೆಯಿಂದ ಸೇರಿಸಬೇಕು. ಬೆಳೆದ ಮೂಳೆ ಗೆರೆಯ ಮುಂದೆಯೇ ನಿಂತರೆ ಹಿಂದಿನ ದಾರಿ ಫಲ ಕೊಡುತ್ತದೆ. ಗೆರೆ ದಾಟಿ ಹಿಂದಕ್ಕೆ ಬಂದಿದ್ದರೆ ಬರಿಯ ಬಾಗಿಲು ತೆರೆಯುವುದರಿಂದ ಹೆಚ್ಚೇನೂ ಆಗದು. ಒಂದು ಸ್ಕೇಲು, ಒಂದು ಪೆನ್ಸಿಲ್ಲು. ಕೈರೂಢಿಯನ್ನು ಪ್ರಶ್ನಿಸಲು ಇಷ್ಟು ಸಾಕು.

ಆದರೆ ಎಲ್ಲ ಕತ್ತುಗಳೂ ಹೀಗೆ ಸ್ಪಷ್ಟ ಉತ್ತರ ಕೊಡುವುದಿಲ್ಲ. ಎರಡು ಮೂರು ಮಟ್ಟದಲ್ಲಿ ಡಿಸ್ಕ್ ಉಬ್ಬಿ, ಹಿಂದೆ ಕಟ್ಟೂ ದಪ್ಪಗಾಗಿ, ಬಾಗುವಿಕೆ ನೆಟ್ಟಗಿರುವ ಅರುವತ್ತರ ಆಸುಪಾಸಿನವರೇ ಹೆಚ್ಚು. ಇವರಿಗೆ ಯಾವ ದಾರಿ ಮೇಲು ಎಂದು ಚೀಟಿ ಎತ್ತಿದಂತೆ ಹಂಚಿ ನೋಡಿದ ದೊಡ್ಡ ಪರೀಕ್ಷೆಯೊಂದು ಉತ್ತರ ಅಮೆರಿಕದ 15 ಆಸ್ಪತ್ರೆಗಳಲ್ಲಿ ನಡೆಯಿತು. ಘೋಗಾವಾಲಾ ಮತ್ತು ಸಂಗಡಿಗರು ಫಲಿತಾಂಶವನ್ನು 2021ರಲ್ಲಿ ಪ್ರಕಟಿಸಿದರು. 163 ಮಂದಿಯಲ್ಲಿ 63 ಜನರಿಗೆ ಮುಂದಿನ ದಾರಿ, 100 ಜನರಿಗೆ ಹಿಂದಿನದು. ಒಂದು ವರ್ಷದ ನಂತರ ದೈಹಿಕ ಸಾಮರ್ಥ್ಯದ ಅಂಕ ಮುಂದಿನವರಲ್ಲಿ ಸರಾಸರಿ 5.9, ಹಿಂದಿನವರಲ್ಲಿ 6.2 ಏರಿತ್ತು, ವ್ಯತ್ಯಾಸವೇ ಇಲ್ಲ ಎನ್ನಬೇಕು. ತೊಡಕುಗಳಲ್ಲಿ ಮಾತ್ರ ಅಂತರವಿತ್ತು: ಮುಂದಿನವರಲ್ಲಿ ಶೇಕಡ 48, ಹಿಂದಿನವರಲ್ಲಿ 24. ನುಂಗುವ ತೊಂದರೆ ಮುಂದಿನವರಲ್ಲಿ ಶೇಕಡ 41, ಹಿಂದಿನವರಲ್ಲಿ ಸೊನ್ನೆ. ಹೊಸದಾಗಿ ನರದ ಸೋಲು ಮುಂದಿನವರಲ್ಲಿ ಶೇಕಡ 2, ಹಿಂದಿನವರಲ್ಲಿ 9. ತಿಂಗಳೊಳಗೆ ಮತ್ತೆ ಆಸ್ಪತ್ರೆಗೆ ಸೇರಬೇಕಾದವರು ಮುಂದಿನವರಲ್ಲಿ ಯಾರೂ ಇಲ್ಲ, ಹಿಂದಿನವರಲ್ಲಿ ಶೇಕಡ 7. ಒಟ್ಟು ಮೊತ್ತವನ್ನಷ್ಟೇ ನೋಡಿ ಹಿಂದಿನ ದಾರಿ ಗೆದ್ದಿತು ಎನ್ನುವವರಿದ್ದಾರೆ. ಅದು ಅವಸರದ ಓದು. ಕಾಲ ಕಳೆದಂತೆ ಬಹುಪಾಲು ತಗ್ಗುವ ನುಂಗುವ ತೊಂದರೆಯನ್ನೂ ತಿಂಗಳುಗಟ್ಟಲೆ ಮೇಲೇಳದ ತೋಳನ್ನೂ ಒಂದೊಂದೇ ಎಂದು ಕೂಡಿಸಿ ಹೋಲಿಸುವುದು ಲೆಕ್ಕಕ್ಕೆ ಸರಿ, ಬದುಕಿಗೆ ಅಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. ಫಲ ಸಮವಾಗಿರುವಾಗ ಶಸ್ತ್ರವೈದ್ಯರು ತಮಗೆ ಪಳಗಿದ ದಾರಿಯನ್ನೇ ಹಿಡಿದರೆ ತಪ್ಪೇನು? ಪಳಗಿದ ಕೈ ರೋಗಿಗೂ ಒಳ್ಳೆಯದೇ ಅಲ್ಲವೆ? ಇದರಲ್ಲಿ ಅರ್ಧ ನಿಜವಿದೆ. ಆದರೆ ಆ ಪರೀಕ್ಷೆಗೆ ಯಾರನ್ನು ಸೇರಿಸಿಕೊಂಡರು ಎಂಬುದನ್ನು ಮರೆಯಬಾರದು. ಗೂನಾದ ಕತ್ತು, ದೊಡ್ಡದಾಗಿ ಮೂಳೆಯಾದ ಕಟ್ಟು ಇದ್ದವರನ್ನು ಹೊರಗಿಟ್ಟು, ಎರಡು ದಾರಿಗೂ ಒಗ್ಗುವವರನ್ನಷ್ಟೇ ಆರಿಸಿಕೊಂಡಿದ್ದರು. ಫಲ ಸಮ ಎಂಬ ಮಾತು ಆ ನಡುವಿನ ಗುಂಪಿಗಷ್ಟೇ ಸಲ್ಲುತ್ತದೆ. ನಮ್ಮ ಫ್ಲೋರೈಡ್ ಕತ್ತುಗಳು ಆ ಗುಂಪಿನವಲ್ಲ. ನಡುವಿನ ಗುಂಪಿನಲ್ಲೂ, ಸರಾಸರಿಯಲ್ಲಿ ಸಮವಾದದ್ದು ಒಬ್ಬೊಬ್ಬರಿಗೂ ಸಮವೆಂದಲ್ಲ. ಈಗಾಗಲೇ ನುಂಗಲು ಕಷ್ಟಪಡುತ್ತಿರುವ ಎಪ್ಪತ್ತೈದರ ಅಜ್ಜಿಗೆ ಮುಂದಿನ ದಾರಿಯ ತೊಡಕು ಅನ್ನ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವವರೆಗೂ ಹೋಗಬಹುದು. ದನಿಯಿಂದ ಬದುಕುವ ಮೇಷ್ಟರಿಗೆ, ಹರಿಕಥೆಯವರಿಗೆ, ಸಂತೆಯಲ್ಲಿ ಕೂಗಿ ಮಾರುವವರಿಗೆ ಧ್ವನಿಯ ನರದ ಬೆಲೆ ಬೇರೆ.

ನೇಕಾರರಿಗೆ ಬೆಲೆಗಳು ಇನ್ನೊಂದು ಬಗೆ. ವಿದ್ಯುತ್ ಮಗ್ಗ ತಾನೇ ನೇಯುತ್ತದೆ ಎಂದು ಹೊರಗಿನವರು ತಿಳಿದಾರು. ಎಳೆ ಕಡಿದಾಗ ಬಗ್ಗಿ ಹುಡುಕಿ ಗಂಟು ಹಾಕುವುದು, ಲಾಳಿಯ ಕಂಡಿಕೆ ಬದಲಿಸುವುದು, ಹೊಸ ಹಾಸಿನ ಸಾವಿರಾರು ಎಳೆಗಳನ್ನು ಹಳೆಯ ಹಾಸಿಗೆ ಒಂದೊಂದಾಗಿ ಕೆಚ್ಚುವುದು ಈಗಲೂ ಬೆರಳಿನ ಕೆಲಸವೇ. ಅದಕ್ಕೆ ಹೆಬ್ಬೆರಳು ತೋರುಬೆರಳು ಬೇಕು, ಗಲ್ಲ ಎದೆಯತ್ತ ಇಳಿಯಬೇಕು, ತೋಳು ಮಗ್ಗದ ಮೇಲೆ ಚಾಚಬೇಕು. ಮೂರು ನಾಲ್ಕು ಮೂಳೆಗಳನ್ನು ಬೆಸೆದರೆ, ಅದು ಮುಂದಿನಿಂದಾಗಲಿ ಹಿಂದಿನಿಂದಾಗಲಿ, ಗಲ್ಲ ಇಳಿಸುವ ಚಲನೆ ಗಣನೀಯವಾಗಿ ಕಡಿಮೆಯಾಗುತ್ತದೆ. ಬಾಗುವಿಕೆ ಚೆನ್ನಾಗಿದ್ದು ಮೊದಲಿಂದ ಕತ್ತುನೋವಿಲ್ಲದ ನೇಕಾರರಿಗೆ ಬೆಸೆಯದೆ ತೆರೆಯುವ ಲ್ಯಾಮಿನೋಪ್ಲಾಸ್ಟಿ ಎದುರಿಗಿಡಲೇಬೇಕಾದ ಆಯ್ಕೆ. ಅಮೆರಿಕದ ಪರೀಕ್ಷೆಯಲ್ಲೂ ಅದಾದವರಲ್ಲಿ ತೊಡಕು ಕಡಿಮೆ ಕಂಡಿತ್ತು. ಆದರೆ ಯಾರಿಗೆ ಲ್ಯಾಮಿನೋಪ್ಲಾಸ್ಟಿ, ಯಾರಿಗೆ ಬೆಸುಗೆ ಎಂಬುದನ್ನು ಅಲ್ಲಿ ಚೀಟಿ ನಿರ್ಧರಿಸಿರಲಿಲ್ಲ, ವೈದ್ಯರೇ ನಿರ್ಧರಿಸಿದ್ದರು. ಅಷ್ಟರ ಮಟ್ಟಿಗೆ ಆ ಸಾಕ್ಷ್ಯ ಸಡಿಲ. ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಓಡಿಸುವವರ ವಿಷಯ ಹೀಗಲ್ಲ. ಅವರಿಗೆ ಬೇಕಾದ್ದು ಕತ್ತು ಎಡಬಲಕ್ಕೆ ತಿರುಗುವುದು. ಆ ತಿರುಗುವಿಕೆಯಲ್ಲಿ ಸುಮಾರು ಅರ್ಧ ಮೊದಲ ಎರಡು ಮೂಳೆಗಳ ನಡುವೆಯೇ ನಡೆಯುವುದರಿಂದ ಕೆಳಗಿನ ಮೂಳೆಗಳನ್ನು ಬೆಸೆದರೂ ಬಹಳಷ್ಟು ಉಳಿಯುತ್ತದೆ. ಒಂದೇ ಎಂಆರ್‌ಐ ಚಿತ್ರ ಇರುವ ಇಬ್ಬರಿಗೆ ಎರಡು ಬೇರೆ ಶಸ್ತ್ರಚಿಕಿತ್ಸೆ ಸರಿಯಾಗಬಹುದು ಎಂದರೆ ಇದೇ. ರೋಗದ ತೀವ್ರತೆ ಅಳೆಯುವ ಮಾಪಕಗಳೂ ಇಲ್ಲಿ ಪೂರ್ತಿ ನೆರವಾಗವು. 1972ರ ನುರಿಕ್ ಮಾಪಕ ದುಡಿಮೆಯನ್ನು ಹೆಸರಿಸುತ್ತದಾದರೂ ಅಳೆಯುವುದು ನಡಿಗೆಯನ್ನು. ಜಪಾನಿನ ಮೂಲ ಮಾಪಕ ಊಟದ ಕಡ್ಡಿ ಹಿಡಿಯಲು ಬರುತ್ತದೆಯೇ ಎಂದು ಕೇಳಿತು; ಅಮೆರಿಕದವರು ಅದನ್ನು ಚಮಚ ಮತ್ತು ಗುಂಡಿಗೆ ಬದಲಿಸಿಕೊಂಡರು. ಎಳೆ ಕೆಚ್ಚಲು ಬರುತ್ತದೆಯೇ ಎಂದು ಕೇಳಿದರೆ ಮಾತ್ರ ಈ ಊರಿನ ಕಾಯಿಲೆ ಹೊತ್ತಿಗೆ ಮುಂಚೆ ಸಿಕ್ಕೀತು.

ಹೀಗೆ ಕೇಳುತ್ತ ಕೂತರೆ ಬಡವರಿಗೆ ಕೈಗೆಟುಕದ ಆಯ್ಕೆಗಳನ್ನು ತೋರಿಸಿದಂತಾಗದೆ ಎಂಬುದು ಇನ್ನೊಂದು ಆಕ್ಷೇಪಣೆ. ಪ್ಲೇಟು, ಕೇಜು, ಸ್ಕ್ರೂಗಳ ಬೆಲೆ ನಿಜಕ್ಕೂ ದಾರಿಯನ್ನು ತಿರುಗಿಸುತ್ತದೆ. 2018ರಿಂದ ಇರುವ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಭರಿಸಿದರೂ ಎಲ್ಲ ತೊಡಕೂ ತೀರಿಲ್ಲ. ಆದರೆ ಲೋಹವೇ ಪರಿಹಾರವೆಂಬುದು ಸಿದ್ಧವಾದ ಮಾತಲ್ಲ. ವೆಲ್ಲೂರಿನ ಸಿಎಂಸಿಯಲ್ಲಿ ವೇದಾಂತಂ ರಾಜಶೇಖರ್ ಮತ್ತು ಅವರ ತಂಡ ಮೂಳೆಯ ನಡುಭಾಗ ಕೊರೆದು, ರೋಗಿಯದೇ ಮೂಳೆ ಕೂರಿಸಿ, ಪ್ಲೇಟು ಹಾಕದೆಯೇ ಒಳ್ಳೆಯ ಫಲ ಪಡೆದ ವರದಿಗಳನ್ನು ವರ್ಷಗಳಿಂದ ಪ್ರಕಟಿಸುತ್ತ ಬಂದಿದ್ದಾರೆ. ಇನ್ನೊಂದು ತುದಿಯಲ್ಲಿ ಮುಂಬಯಿಯ ಅತುಲ್ ಗೋಯಲ್: ಮೂಲ ಕಾರಣ ಮೂಳೆಗಳ ಸಡಿಲು, ಆದ್ದರಿಂದ ಏನನ್ನೂ ಕೆರೆಯದೆ ಬಿಗಿದರೆ ಸಾಕು ಎಂಬುದು ಅವರ ವಾದ. ಅದು ನಿಜವಾದರೆ ನನ್ನ ಇಡೀ ವಾದದ ಬುಡವೇ ಅಲುಗಾಡುತ್ತದೆ, ಒಪ್ಪಬೇಕು. ಆದರೆ ಬಿಗಿಯುವುದನ್ನೂ ಒತ್ತಡ ತೆಗೆಯುವುದನ್ನೂ ಎದುರುಬದುರು ಇಟ್ಟು ಚೀಟಿ ಎತ್ತಿ ನೋಡಿದ ದೊಡ್ಡ ಸಾಕ್ಷ್ಯ ಆ ವಾದದ ಹಿಂದಿಲ್ಲ. ಬೆಸೆಯದೆ ಬಾಗಿಲು ತೆರೆದಷ್ಟಕ್ಕೇ ದಶಕಗಳಿಂದ ಚೇತರಿಸಿಕೊಂಡಿರುವ ಜಪಾನಿನ ರೋಗಿಗಳನ್ನು ಅದು ಹೇಗೆ ವಿವರಿಸುತ್ತದೆ ಎಂಬುದೂ ಉಳಿದೇ ಇದೆ.

ಕೊನೆಯ ಆಕ್ಷೇಪಣೆ ವೈದ್ಯರದ್ದಲ್ಲ, ಜನರದ್ದು: ಕತ್ತಿಗೆ ಕತ್ತಿ ಹಾಕಿಸಿಕೊಂಡರೆ ಮಲಗಿದಲ್ಲೇ ಆಗುತ್ತೇವೆ, ದಾರಿ ಯಾವುದಾದರೇನು. ಹಾಗಾದವರಿಲ್ಲ ಎನ್ನಲಾಗದು. ಆದರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳದವರಲ್ಲೂ ಮೂರರಿಂದ ಆರು ವರ್ಷಗಳಲ್ಲಿ ಶೇಕಡ 20ರಿಂದ 60ರಷ್ಟು ಮಂದಿ ಹದಗೆಡುತ್ತಾರೆ ಎಂಬುದು ಪ್ರಕಟಿತ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ಸಿಗುವ ಅಂದಾಜು. ಕಾಯಿಲೆ ಸೌಮ್ಯವಾಗಿದ್ದರೆ ಮೇಲ್ವಿಚಾರಣೆಯಲ್ಲಿ ವ್ಯಾಯಾಮ ಮಾಡುತ್ತ ಕಾಯಬಹುದು, ಮಧ್ಯಮ ಅಥವಾ ತೀವ್ರವಾದರೆ ಕಾಯಬಾರದು ಎಂದು 2017ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಕಾಯುವವರು ಕ್ಷೌರದಂಗಡಿಯಲ್ಲಿ ಕತ್ತಿನ ನೆಟಿಕೆ ಮುರಿಸಿಕೊಳ್ಳುವುದನ್ನಾದರೂ ಬಿಡಬೇಕು. ಇಕ್ಕಟ್ಟಾದ ನಾಳದಲ್ಲಿ ಆ ಒಂದು ತಿರುವು ಸಾಕು. ಕಾಯುವುದೋ ಬೇಡವೋ ತಿಳಿಯಬೇಕಾದರೆ ಬೆಂಗಳೂರಿಗೆ ಕಳಿಸುವ ಚೀಟಿಯಲ್ಲಿ ಮೂರು ಸಂಗತಿ ಇರಬೇಕು: 10 ಸೆಕೆಂಡಿನಲ್ಲಿ ಮುಷ್ಟಿ ಎಷ್ಟು ಸಲ ಬಿಚ್ಚಿತು, ರೋಗಿ ಮಾಡುವ ಕೆಲಸ ಯಾವುದು, ಇಪ್ಪತ್ತು ಮೂವತ್ತು ವರ್ಷ ಕುಡಿದ ನೀರು ಯಾವ ಬಾವಿಯದು. ತಾಲ್ಲೂಕು ಆಸ್ಪತ್ರೆಯ ಗದ್ದಲದಲ್ಲಿ ಇದಕ್ಕೆಲ್ಲ ಪುರಸೊತ್ತೆಲ್ಲಿ ಎನ್ನಬಹುದು. ಅಲ್ಲಿ ಎರಡು ನಿಮಿಷದಲ್ಲಿ ಬರೆಯದೆ ಬಿಟ್ಟದ್ದನ್ನು ಯಾವ ಎಂಆರ್‌ಐಯೂ ತೋರಿಸುವುದಿಲ್ಲ, ಮುಂದೋ ಹಿಂದೋ ಎಂದು ತೀರ್ಮಾನಿಸುವವರಿಗೆ ಅದನ್ನು ಹೇಳಬಲ್ಲವರು ಆಮೇಲೆ ರೋಗಿಯೊಬ್ಬರೇ. ಅವರನ್ನು ಅಲ್ಲಿ ಯಾರಾದರೂ ಕೇಳಿದರೆ.